ಆ ಗೋಲು, ಆ ಕಾಲು: ಮಾರ್ಕೊ ವಾನ್ ಬಾಸ್ಟೆನ್

ಕೇಳುಗರೆಲ್ಲರಿಗೂ ನಮಸ್ಕಾರ.

1988ರ ಯುರೋ ಕಪ್‌ಗೆ, ಅಂದರೆ ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿಗೆ, ನೆದರ್ಲೆಂಡ್ಸ್ ತಂಡ ಹೊರಟಾಗ ಮಾರ್ಕೊ ವಾನ್ ಬಾಸ್ಟೆನ್ ಅವರಿಗೆ ಸಿಕ್ಕಿದ್ದು 12ನೇ ನಂಬರಿನ ಅಂಗಿ. ಮುಖ್ಯ ಫಾರ್ವರ್ಡ್, ಅಂದರೆ ಗೋಲು ಹೊಡೆಯಲು ಮುಂದೆ ನಿಲ್ಲುವ ಆಟಗಾರ, ಹಾಕುವ 9ನೇ ನಂಬರು ಜಾನಿ ಬಾಸ್ಮನ್ ಪಾಲಾಗಿತ್ತು. ಕೋಚ್ ರೀನುಸ್ ಮಿಹೆಲ್ಸ್ ಅವರನ್ನು ಬೈಯುವ ಹಾಗೂ ಇರಲಿಲ್ಲ. ಇಟಲಿಯ ಎಸಿ ಮಿಲಾನ್ ಕ್ಲಬ್ ಸೇರಿದ ಮೊದಲ ಸೀಸನ್ನಿನಲ್ಲಿ ವಾನ್ ಬಾಸ್ಟೆನ್ ಆಡಿದ್ದು ಬರೀ 11 ಲೀಗ್ ಪಂದ್ಯ. ಉಳಿದ ಸಮಯವೆಲ್ಲ ಪಾದದ ಕೀಲಿನ ಆಪರೇಷನ್, ವಿಶ್ರಾಂತಿ, ಮತ್ತೆ ನಡಿಗೆ ಕಲಿಯೋದು, ಇದರಲ್ಲೇ ಹೋಗಿತ್ತು.

ಮೊದಲ ಪಂದ್ಯಕ್ಕೆ ಅವರನ್ನು ಹೊರಗೇ ಕೂರಿಸಿದರು. ಕೊನೆಗೆ ಬದಲಿಯಾಗಿ ಇಳಿಸಿದರೂ ಸೋವಿಯತ್ ತಂಡ 1-0ಯಿಂದ ಗೆದ್ದಿತು. ಎರಡನೇ ಪಂದ್ಯ ಡ್ಯೂಸೆಲ್‌ಡಾರ್ಫ್‌ನಲ್ಲಿ, ಇಂಗ್ಲೆಂಡ್ ಎದುರು. ಸೋತರೆ ಕಥೆ ಮುಗೀತು. ಅವತ್ತು 12ನೇ ನಂಬರಿನವರು ಮೊದಲಿನಿಂದಲೇ ಆಡಿದರು. ಮೂರು ಗೋಲು ಹೊಡೆದರು.

ಹಾಗಂತ ಅವರೇನೂ ದಿಢೀರನೆ ಹುಟ್ಟಿಕೊಂಡ ಆಟಗಾರ ಅಲ್ಲ. ಹುಟ್ಟಿದ್ದು 1964ರಲ್ಲಿ, ಉಟ್ರೆಕ್ಟ್ ನಗರದಲ್ಲಿ. 17ನೇ ವಯಸ್ಸಿಗೆ ನೆದರ್ಲೆಂಡ್ಸ್‌ನ ಅಯಾಕ್ಸ್ ಕ್ಲಬ್ ಪರ ಮೊದಲ ಪಂದ್ಯ. 1982ರ ಏಪ್ರಿಲ್‌ನಲ್ಲಿ ಅವರನ್ನು ಬದಲಿಯಾಗಿ ಮೈದಾನಕ್ಕೆ ಇಳಿಸಿದಾಗ ಹೊರಗೆ ಬಂದವರು ಯಾರು ಗೊತ್ತಾ? ನೆದರ್ಲೆಂಡ್ಸ್‌ನ ದಂತಕಥೆ, ಸಾಕ್ಷಾತ್ ಯೋಹಾನ್ ಕ್ರೈಫ್. ಆ ಪಂದ್ಯದಲ್ಲೇ ಹುಡುಗ ಗೋಲು ಹೊಡೆದ. ಮುಂದೆ ಸತತ ನಾಲ್ಕು ವರ್ಷ ಡಚ್, ಅಂದರೆ ನೆದರ್ಲೆಂಡ್ಸ್‌ನ, ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಗೋಲು ಅವರವೇ. 1985-86ರಲ್ಲಂತೂ 26 ಪಂದ್ಯಕ್ಕೆ 37 ಗೋಲು.

ಮೈಕಟ್ಟು ನೋಡಿದರೆ ಆರಡಿ ಎರಡಂಗುಲ. ಅಷ್ಟು ಎತ್ತರದವರು ಸಾಮಾನ್ಯವಾಗಿ ಹೆಡರ್‌ಗೆ ಸರಿ, ತಿರುಗೋದು ನಿಧಾನ. ಇವರು ಎರಡರಲ್ಲೂ ಗಟ್ಟಿ. ಬಲಗಾಲು, ಎಡಗಾಲು, ತಲೆ, ಯಾವುದಕ್ಕೆ ಚೆಂಡು ಸಿಕ್ಕರೂ ಸೈ. ಜಾಗವೇ ಇಲ್ಲದ ಕಡೆ ಒಂದು ಅಡಿ ಜಾಗ ಮಾಡಿಕೊಳ್ಳೋದು ಅವರ ನಿಜವಾದ ವಿದ್ಯೆ.

ಅದನ್ನು ನೋಡಬೇಕೆಂದರೆ ಆ ಯುರೋ ಕಪ್‌ನ ಸೆಮಿಫೈನಲ್ ನೋಡಬೇಕು. ಹ್ಯಾಂಬರ್ಗ್, ಎದುರಾಳಿ ಪಶ್ಚಿಮ ಜರ್ಮನಿ, ಅದೂ ಅವರ ನೆಲದಲ್ಲೇ. 1974ರ ವಿಶ್ವಕಪ್ ಫೈನಲ್‌ನಲ್ಲಿ ಇದೇ ಜರ್ಮನಿ ಡಚ್ಚರನ್ನು ಸೋಲಿಸಿತ್ತು. ಆಗಲೂ ಡಚ್ಚರಿಗೆ ಮಿಹೆಲ್ಸ್ ಅವರೇ ಕೋಚ್. ಆ ಸಿಟ್ಟು ಇನ್ನೂ ಆರಿರಲಿಲ್ಲ. ಸ್ಕೋರು 1-1, ಎರಡೂ ಪೆನಾಲ್ಟಿ ಗೋಲು. ಆಟ ಮುಗಿಯಲು ಎರಡೇ ನಿಮಿಷ ಬಾಕಿ. ಡಚ್ ತಂಡದ ಯಾನ್ ವೌಟರ್ಸ್ ಒಂದು ಪಾಸ್ ಕೊಟ್ಟರು. ವಾನ್ ಬಾಸ್ಟೆನ್ ಬೆನ್ನಿಗೆ ಅಂಟಿಕೊಂಡು ಓಡುತ್ತಿದ್ದವರು ಯುರ್ಗೆನ್ ಕೋಲರ್, ಆ ಕಾಲದ ಗಟ್ಟಿ ಡಿಫೆಂಡರ್. ಕೋಲರ್ ಕಾಲು ಚಾಚಿ ಜಾರುವ ಹೊತ್ತಿಗೆ ಇವರೂ ಜಾರುತ್ತಲೇ ಬಲಗಾಲನ್ನು ಚೆಂಡಿಗೆ ತಾಗಿಸಿದರು. ಚೆಂಡು ಜೋರಾಗೇನೂ ಹೋಗಲಿಲ್ಲ. ನೆಲಕ್ಕೆ ಹತ್ತಿಕೊಂಡೇ ಉರುಳಿ, ಗೋಲ್‌ಕೀಪರ್ ಕೈಗೆ ಸಿಗದೆ ಆಚೆ ಮೂಲೆ ಸೇರಿತು. ಆ ರಾತ್ರಿ ನೆದರ್ಲೆಂಡ್ಸ್‌ನಲ್ಲಿ ಜನ ಬೀದಿಗಿಳಿದು ಕುಣಿದರು. ಫೈನಲ್ ಇನ್ನೂ ಬಾಕಿ ಇತ್ತು ನೋಡಿ!

ಫೈನಲ್‌ನ ಗೋಲು ನಿಮ್ಮಲ್ಲಿ ಎಷ್ಟೋ ಜನ ನೋಡಿರುತ್ತೀರಿ. ಜೂನ್ 25, ಮ್ಯೂನಿಕ್‌ನ ಒಲಿಂಪಿಕ್ ಸ್ಟೇಡಿಯಂ, ಮತ್ತೆ ಸೋವಿಯತ್ ತಂಡ. 37ರ ಹರೆಯದ ಆರ್ನಾಲ್ಡ್ ಮ್ಯೂರನ್ ಎಡಗಡೆಯಿಂದ ಚೆಂಡನ್ನು ಎತ್ತರಕ್ಕೆ ಬಾರಿಸಿದರು. ಅದು ಎಲ್ಲರ ತಲೆ ದಾಟಿ ಬಲಗಡೆಯ ತುದಿಗೆ ಬಂತು. ಅಲ್ಲಿಂದ ಗೋಲು ಕಾಣೋದೇ ಕಷ್ಟ, ಅಷ್ಟು ಕಿರಿದಾದ ಕೋನ. ಬೇರೆ ಯಾರೇ ಆಗಿದ್ದರೂ ಚೆಂಡನ್ನು ಎದೆ ಮೇಲೆ ಇಳಿಸಿಕೊಂಡು ಪಾಸ್ ಹುಡುಕುತ್ತಿದ್ದರು. ವಾನ್ ಬಾಸ್ಟೆನ್ ಅದು ನೆಲ ಮುಟ್ಟುವ ಮೊದಲೇ ಬಾರಿಸಿದರು. ವಿಶ್ವದ ಅತ್ಯುತ್ತಮ ಗೋಲ್‌ಕೀಪರ್‌ಗಳಲ್ಲಿ ಒಬ್ಬರಾದ ರಿನಾತ್ ದಾಸಾಯೆವ್ ತಲೆಯ ಮೇಲಿಂದ ಚೆಂಡು ಬಲೆ ಸೇರಿತು. ಆಗ ಸುಸ್ತಾಗಿತ್ತು, ಸುಮ್ನೆ ಹೊಡೆದು ನೋಡೋಣ ಅನ್ನಿಸಿತು ಎಂಬರ್ಥದಲ್ಲಿ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಕೋಚ್ ಮಿಹೆಲ್ಸ್ ಮಾತ್ರ ನಂಬಲಾಗದೆ ಮುಖದ ಮೇಲೆ ಕೈ ಇಟ್ಟುಕೊಂಡರು. 2-0. ನೆದರ್ಲೆಂಡ್ಸ್ ಪುರುಷರ ತಂಡ ಗೆದ್ದ ದೊಡ್ಡ ಕಪ್ ಇವತ್ತಿಗೂ ಅದೊಂದೇ.

ಎಲ್ಲರೂ ಕೊಂಡಾಡೋದು ಮ್ಯೂನಿಕ್‌ನ ಗೋಲನ್ನು. ನನ್ನನ್ನು ಕೇಳಿದರೆ ಹ್ಯಾಂಬರ್ಗ್‌ನದ್ದೇ ದೊಡ್ಡದು. ಮ್ಯೂನಿಕ್‌ನಲ್ಲಿ ಅದೃಷ್ಟದ ಪಾಲೂ ಒಂದಿಷ್ಟು ಇತ್ತು. ಹ್ಯಾಂಬರ್ಗ್‌ನಲ್ಲಿ ಇದ್ದದ್ದು ಪೂರ್ತಿ ಅವರ ಕಸುಬು.

ಅಲ್ಲಿಂದ ಮುಂದೆ ಮಿಲಾನ್‌ನ ವೈಭವ. ರೂಡ್ ಗುಲ್ಲಿಟ್, ಫ್ರಾಂಕ್ ರೈಕಾರ್ಡ್, ಇವರು, ಹೀಗೆ ಮೂವರು ಡಚ್ಚರು. 1989ರ ಯುರೋಪಿಯನ್ ಕಪ್, ಅಂದರೆ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯ, ಫೈನಲ್‌ನಲ್ಲಿ ಸ್ಟೆವಾ ಬುಕಾರೆಸ್ಟ್ ವಿರುದ್ಧ 4-0. ಗುಲ್ಲಿಟ್ ಎರಡು, ವಾನ್ ಬಾಸ್ಟೆನ್ ಎರಡು. ಮರುವರ್ಷ ಮತ್ತೆ ಅದೇ ಕಪ್. 1988, 1989, 1992, ಮೂರು ಸಲ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ. ಎಲ್ಲ ಕಡೆ ಮಿಂಚಿದರು ಎನ್ನೋ ಹಾಗೂ ಇಲ್ಲ. 1990ರ ವಿಶ್ವಕಪ್‌ನಲ್ಲಿ ಒಂದೇ ಒಂದು ಗೋಲು ಬರಲಿಲ್ಲ. 1992ರ ಯುರೋ ಸೆಮಿಫೈನಲ್‌ನಲ್ಲಿ ಅವರ ಪೆನಾಲ್ಟಿಯನ್ನು ಡೆನ್ಮಾರ್ಕ್‌ನ ಪೀಟರ್ ಶ್ಮೈಕೆಲ್ ತಡೆದರು.

ಇದೆಲ್ಲದರ ನಡುವೆ ಆ ಕೀಲು ನೋಯುತ್ತಲೇ ಇತ್ತು. ಪೆಟ್ಟಾಗಿದ್ದು 1986ರ ಕೊನೆಯಲ್ಲಿ, ಅಯಾಕ್ಸ್‌ನಲ್ಲಿದ್ದಾಗ. ನೋವಿದ್ದರೂ ಆಡಿದರು. 1987ರಲ್ಲಿ ಅಯಾಕ್ಸ್‌ಗೆ ಯುರೋಪಿನ ಇನ್ನೊಂದು ಟೂರ್ನಿಯಾದ ಕಪ್ ವಿನ್ನರ್ಸ್ ಕಪ್‌ನ ಫೈನಲ್ ಗೆದ್ದುಕೊಟ್ಟಿದ್ದು ಅವರದೇ ಹೆಡರ್. ಆದರೆ ಕೀಲಿಗೆ ಈ ಲೆಕ್ಕ ಹೊಂದಲಿಲ್ಲ. ಮೇಲಾಗಿ ಆಗಿನ ಇಟಲಿಯಲ್ಲಿ ಹಿಂದಿನಿಂದ ಬಂದು ಕಾಲಿಗೆ ಹೊಡೆದರೂ ರೆಫ್ರಿ ಕಂಡೂ ಕಾಣದ ಹಾಗೆ ಇದ್ದುಬಿಡುತ್ತಿದ್ದರು. 1992ರ ನವೆಂಬರ್‌ನಲ್ಲಿ ಗೋಥೆನ್‌ಬರ್ಗ್ ತಂಡದ ಮೇಲೆ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು. ಮರು ತಿಂಗಳೇ ಮತ್ತೆ ಆಪರೇಷನ್. 1993ರ ಮೇ 26ರಂದು ಮಾರ್ಸೆಯ್ ವಿರುದ್ಧ ಚಾಂಪಿಯನ್ಸ್ ಲೀಗ್ (ಯುರೋಪಿಯನ್ ಕಪ್‌ನ ಹೊಸ ಹೆಸರು) ಫೈನಲ್ ಆಡಿದರು, ಸೋತರು. ಜಾಗ ಅದೇ ಮ್ಯೂನಿಕ್ ಸ್ಟೇಡಿಯಂ. ಅದೇ ಕೊನೆಯ ಪಂದ್ಯ. ವಯಸ್ಸು 28.

ಆಮೇಲೆ ಎರಡು ವರ್ಷ ಡಾಕ್ಟರುಗಳ ಸುತ್ತ ಅಲೆದಾಟ. ರಾತ್ರಿ ಹಾಸಿಗೆಯಿಂದ ಬಾತ್‌ರೂಮಿಗೆ ತೆವಳಿಕೊಂಡು ಹೋಗುತ್ತಿದ್ದರಂತೆ. ಯುರೋಪಿಗೇ ಹೀರೋ ಆದವರ ಸ್ಥಿತಿ ಅದು. 1995ರ ಆಗಸ್ಟ್‌ನಲ್ಲಿ ನಿವೃತ್ತಿ ಹೇಳಿ, ಸ್ಯೂಡ್ ಜಾಕೆಟ್ ತೊಟ್ಟು ಮಿಲಾನ್‌ನ ಸ್ಯಾನ್ ಸಿರೋ ಮೈದಾನವನ್ನು ಒಂದು ಸುತ್ತು ಬಂದರು. ಬೆಂಚಿನಲ್ಲಿ ಕೂತಿದ್ದ ಕೋಚ್ ಫಾಬಿಯೊ ಕಾಪೆಲ್ಲೊ ಅತ್ತುಬಿಟ್ಟರು. ಕಾಪೆಲ್ಲೊ ಅಂದರೆ ಸುಲಭಕ್ಕೆ ಕರಗುವ ಆಸಾಮಿ ಅಲ್ಲ. ಕೊನೆಗೆ ಆ ಕೀಲಿನ ಮೂಳೆಗಳನ್ನೇ ಕೂಡಿಸಿ ಅಲುಗದ ಹಾಗೆ ಮಾಡಿದ ಮೇಲೆ ನೋವು ಬಿಟ್ಟಿತು.

1994ರ ವಿಶ್ವಕಪ್‌ನಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ರೆಫ್ರಿಗಳಿಗೆ ಕಟ್ಟುನಿಟ್ಟಾಗಿ ಹೇಳಿತು: ಹಿಂದಿನಿಂದ ಕಾಲು ಹಾಕಿ ಟ್ಯಾಕಲ್ ಮಾಡಿದರೆ ರೆಡ್ ಕಾರ್ಡ್, ಆಟದಿಂದ ಹೊರಗೆ. ಇದು ಇವರೊಬ್ಬರಿಂದಲೇ ಬಂತು ಎಂದರೆ ಜಾಸ್ತಿಯಾಯಿತು. 1990ರ ವಿಶ್ವಕಪ್‌ನ ಒರಟು, ನೀರಸ ಆಟವೂ ಕಾರಣ. ಆದರೆ ಫಾರ್ವರ್ಡ್‌ಗಳ ಕಾಲು ಉಳಿಸಬೇಕು ಎಂಬ ಮಾತು ಬಂದಾಗಲೆಲ್ಲ ಇವತ್ತಿಗೂ ಮೊದಲು ಬರುವ ಹೆಸರು ಇವರದು. ಇಂದಿನ ಫಾರ್ವರ್ಡ್‌ಗಳು 35 ದಾಟಿದರೂ ಆಡ್ತಾರೆ ಅಲ್ವಾ, ಅದರಲ್ಲಿ ಈ ನಿಯಮದ ಪಾಲೂ ಇದೆ.

ಮುಂದೆ ಅವರು ಕೋಚ್ ಆದರು. 2008ರ ಯುರೋನಲ್ಲಿ ಅವರ ನೆದರ್ಲೆಂಡ್ಸ್ ತಂಡ ಇಟಲಿಗೆ ಮೂರು, ಫ್ರಾನ್ಸ್‌ಗೆ ನಾಲ್ಕು ಗೋಲು ಬಾರಿಸಿ, ಕ್ವಾರ್ಟರ್‌ಫೈನಲ್‌ನಲ್ಲಿ ರಷ್ಯಾಕ್ಕೆ ಸೋತಿತು. ಕೋಚ್ ಕೆಲಸದ ಒತ್ತಡ ಅವರಿಗೆ ಒಗ್ಗಲಿಲ್ಲ. ಆಮೇಲೆ ಫಿಫಾದಲ್ಲಿ ಆಟದ ತಾಂತ್ರಿಕ ಸುಧಾರಣೆಯ ಹುದ್ದೆ ಸಿಕ್ಕಿತು. ಅಲ್ಲಿ ಕೂತು ಅವರು ಕೊಟ್ಟ ಸಲಹೆ ಏನು ಗೊತ್ತಾ? ಫಾರ್ವರ್ಡ್‌ಗಳು ಡಿಫೆಂಡರ್‌ಗಳನ್ನು ದಾಟಿ ಮೊದಲೇ ಗೋಲಿನ ಹತ್ತಿರ ನಿಂತು ಪಾಸ್ ಪಡೆಯದಂತೆ ತಡೆಯುವ ಆಫ್‌ಸೈಡ್ ನಿಯಮವನ್ನೇ ತೆಗೆದುಹಾಕೋಣ ಅಂತ! ಅದು ಜಾರಿಗೆ ಬರಲಿಲ್ಲ. ಜೀವನವಿಡೀ ಡಿಫೆಂಡರ್‌ಗಳ ಜೊತೆ ಗುದ್ದಾಡಿದ ಫಾರ್ವರ್ಡ್ ಬಾಯಲ್ಲಿ ಬೇರೆ ಏನು ಬರುತ್ತೆ ಹೇಳಿ?

ನಮಸ್ಕಾರ.