ಒಂದು ಮೀಟರ್ ಚೌಕಟ್ಟು

ಪರದೆಯ ಮೇಲೆ ಕಾಣುತ್ತಿರುವುದು ತುಮಕೂರು ಕಡೆಯ ಒಂದು ರಾಗಿ ಹೊಲ. ಅದರ ನಡುವೆ ಇರುವ ಕಬ್ಬಿಣದ ಚೌಕಟ್ಟಿನ ಅಳತೆಯ ವಿಚಾರವಾಗಿ ನನಗೂ ನನ್ನ ಪಿಎಚ್‌.ಡಿ. ಗೈಡ್ ಮೇಡಂ ಅವರಿಗೂ ಎರಡು ತಿಂಗಳು ಒಮ್ಮತ ಮೂಡಲಿಲ್ಲ.

ಇಳುವರಿ ಅಂದಾಜಿಸುವ ಸರ್ಕಾರಿ ಬೆಳೆ ಕಟಾವು ಪ್ರಯೋಗದಲ್ಲಿ ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕನ್ನು ಕೊಯ್ದು ತೂಗುತ್ತಾರೆ. ನಮ್ಮ ಸಮೀಕ್ಷೆಗೆ 1 ಮೀಟರ್ ಚೌಕಟ್ಟೇ ಸಾಕೆಂಬುದು ಮೇಡಂ ಅವರ ನಿಲುವು. ಅವರ ವಾದ ತಳ್ಳಿಹಾಕುವಂಥದ್ದಾಗಿರಲಿಲ್ಲ: ಊರಿಂದೂರಿಗೆ, ಹೊಲದಿಂದ ಹೊಲಕ್ಕೆ ಇಳುವರಿ ಬಹಳ ಬದಲಾಗುತ್ತದೆ, ದೊಡ್ಡ ತಾಕೊಂದನ್ನು ಕೊಯ್ದು, ಬಡಿದು, ತೂರಿ, ತೂಗುವ ಹೊತ್ತಿನಲ್ಲಿ ಸಣ್ಣ ಚೌಕಟ್ಟಿನಿಂದ ಹಲವು ಹೊಲಗಳನ್ನು ಮುಗಿಸಬಹುದು.

ನನ್ನ ಆಕ್ಷೇಪವಿದ್ದುದು ಅಂಚಿನ ಬಗ್ಗೆ. ದೊಡ್ಡ ಚೌಕದಲ್ಲಿ 25 ಚದರ ಮೀಟರಿಗೆ 20 ಮೀಟರ್ ಅಂಚು. ಸಣ್ಣದರಲ್ಲಿ ಒಂದೇ ಚದರ ಮೀಟರಿಗೆ 4 ಮೀಟರ್ ಅಂಚು, ಅಂದರೆ ವಿಸ್ತೀರ್ಣಕ್ಕೆ ಹೋಲಿಸಿದರೆ ಐದು ಪಟ್ಟು. ಗೆರೆಯ ಮೇಲೆಯೇ ನಿಂತ ಪೈರನ್ನು ಒಳಗೆ ಸೇರಿಸುವುದೋ ಹೊರಗೆ ಬಿಡುವುದೋ ಎಂಬ ಅನುಮಾನ ಬಂದಾಗ, ತುಂಬಿದ ತೆನೆಯಿದ್ದರೆ ಕೈ ತಾನಾಗಿಯೇ ಅದನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಹೊಲಗಳ ಸಂಖ್ಯೆ ಹೆಚ್ಚಿಸಿದರೆ ಆಕಸ್ಮಿಕ ತಪ್ಪು ತಗ್ಗುತ್ತದೆಯೇ ಹೊರತು ಹೀಗೆ ಒಂದೇ ಕಡೆಗೆ ವಾಲುವ ತಪ್ಪು ತಗ್ಗುವುದಿಲ್ಲ.

ಈ ತಕರಾರು ನಮ್ಮಿಂದ ಶುರುವಾದದ್ದೂ ಅಲ್ಲ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅವರು ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ ಸಣ್ಣ ತಾಕುಗಳನ್ನು ಬಳಸುತ್ತಿದ್ದರೆ, ಅಂಥವು ಇಳುವರಿಯನ್ನು ಹೆಚ್ಚಿಸಿ ತೋರಿಸುತ್ತವೆ ಎಂದು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರು 1946ರಲ್ಲಿ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಆ ಲೇಖನದ ಪ್ರಿಂಟ್ ತೆಗೆದು ಮೇಡಂ ಮೇಜಿನ ಮೇಲಿಟ್ಟದ್ದು ನನ್ನ ಉದ್ಧಟತನವೇ ಸರಿ. ಅವರು ಅದನ್ನು ಎಂದೋ ಓದಿದ್ದರು.

"ಎರಡನ್ನೂ ಒಂದೇ ಹೊಲದಲ್ಲಿ ಕೊಯ್ದು ತೋರಿಸಪ್ಪ" ಎಂದರು. ಕೊಯ್ದೆ. ಬಹುತೇಕ ಹೊಲಗಳಲ್ಲಿ ಸಣ್ಣ ಚೌಕಟ್ಟಿನ ಲೆಕ್ಕವೇ ಹೆಚ್ಚು ಬಂತು. ಗೆದ್ದ ಹಿಗ್ಗಿನಲ್ಲಿ ಪಟ್ಟಿಯನ್ನು ಒಪ್ಪಿಸಿದಾಗ ಮೇಡಂ ಕೇಳಿದ್ದು ಇಷ್ಟೇ: "ಚೌಕಟ್ಟು ಇಟ್ಟವರು ಯಾರು?"

ಇಟ್ಟವನು ನಾನೇ. ಹೆಚ್ಚು ಬರಲಿ ಎಂದು ಹಂಬಲಿಸುತ್ತಿದ್ದವನೂ ನಾನೇ. ಗೆರೆಯ ಮೇಲಿನ ತೆನೆಗಳ ವಿಷಯದಲ್ಲಿ ನನ್ನ ಕೈ ಶುದ್ಧವಾಗಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ.

ಆದ್ದರಿಂದ ಈ ದೃಶ್ಯದಲ್ಲಿ ಚೌಕಟ್ಟು ಹಿಡಿದಿರುವವರು ನಮ್ಮ ವಾದದ ಸುಳಿವೇ ಇಲ್ಲದ ಇಬ್ಬರು ಎಂ.ಎಸ್ಸಿ. ವಿದ್ಯಾರ್ಥಿಗಳು. ದೂರದಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು ತಕ್ಕಡಿಯ ಬಳಿ ಕುಳಿತಿರುವವನು ನಾನು.