ಕೈ ಕೊಡದೆ ಹೊಡೆಯುವುದು: ವಿಂಗ್ ಚುನ್ ಪಟುವಿನ ಎದುರು ಬಾಕ್ಸರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಮಾಡುವವರು. ವಿಂಗ್ ಚುನ್ ಎಂಬ ಚೀನಾದ ಕಾಳಗ ವಿದ್ಯೆಯ ಹೆಸರೆತ್ತಿದ ಕೂಡಲೇ ನಿಮ್ಮಲ್ಲಿ ಕೆಲವರು ಮುಸಿಮುಸಿ ನಕ್ಕಿದ್ದು ನನಗೆ ಕಂಡಿತು. ನಗುವುದಕ್ಕೆ ಕಾರಣಗಳಿವೆ, ಒಪ್ಪುತ್ತೇನೆ. 2018ರಲ್ಲಿ ಚೀನಾದ ಎಂಎಂಎ (ಮಿಶ್ರ ಸಮರ ಕಲೆ) ಪಟು ಷು ಷಿಯಾವೊಡಾಂಗ್ ಎದುರು ಡಿಂಗ್ ಹಾವೊ ಎಂಬ ವಿಂಗ್ ಚುನ್ ಪಟು ಮತ್ತೆ ಮತ್ತೆ ನೆಲ ಕಚ್ಚಿದ ವಿಡಿಯೊ ನೀವೂ ನೋಡಿರಬಹುದು. ಅಷ್ಟಾದ ಮೇಲೂ ಆ ಪಂದ್ಯವನ್ನು ಡ್ರಾ ಎಂದು ಘೋಷಿಸಿದರು, ಅದು ಬೇರೆ ಕತೆ. ಆದರೆ ಆ ವಿಡಿಯೊ ಕೊಟ್ಟ ಧೈರ್ಯದಲ್ಲಿ ನೀವು ಒಬ್ಬ ಒಳ್ಳೆಯ ವಿಂಗ್ ಚುನ್ ಪಟುವಿಗೆ ಮೊಣಕೈ ತಾಗುವಷ್ಟು ಹತ್ತಿರ ಹೋಗಿ ನಿಂತರೆ ಏಟು ತಿನ್ನುವವರು ನೀವೇ.

ಈ ವಿದ್ಯೆ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ್ದು. ಸನ್ಯಾಸಿನಿಯೊಬ್ಬಳು ಇದನ್ನು ಕಟ್ಟಿದಳೆಂಬುದು ದಂತಕತೆ. ಸ್ವಲ್ಪ ಗಟ್ಟಿಯಾದ ಚರಿತ್ರೆ ಸಿಗುವುದು 19ನೇ ಶತಮಾನದಲ್ಲಿ, ಫೋಶಾನ್ ಪಟ್ಟಣದ ಲಿಯಾಂಗ್ ಜಾನ್ ಎಂಬ ಗಿಡಮೂಲಿಕೆ ವೈದ್ಯನಿಂದ ಈಚೆಗೆ. ಅದೇ ಊರಿನ ಇಪ್ ಮ್ಯಾನ್ (1893–1972) 1950ರ ಹೊತ್ತಿಗೆ ಹಾಂಗ್‌ಕಾಂಗ್‌ಗೆ ಬಂದು ಕಲಿಸತೊಡಗಿದ. ಅವನ ಶಿಷ್ಯ ವಾಂಗ್ ಶುನ್ ಲಿಯಾಂಗ್ ಹಾಂಗ್‌ಕಾಂಗ್‌ನ ತಾರಸಿಗಳ ಮೇಲೆ ಸವಾಲಿನ ಕಾಳಗಗಳನ್ನು ಆಡಿ ಹೆಸರು ಮಾಡಿದವನು. ಹಾಗಾಗಿ ಇದು ಬರೀ ಪ್ರದರ್ಶನಕ್ಕೆ ಹುಟ್ಟಿದ ವಿದ್ಯೆ ಅಂತ ತಿಳಿಯಬೇಡಿ.

ವಿಂಗ್ ಚುನ್ ಪಟು ನಿಲ್ಲುವ ರೀತಿ ನೋಡಿ. ಎದೆ ನಿಮಗೆ ನೇರ, ಬೆನ್ನು ನೆಟ್ಟಗೆ, ಎರಡೂ ಮೊಣಕೈ ಒಳಗೆ, ಎರಡೂ ಕೈ ಒಂದೇ ಅಳತೆಯಲ್ಲಿ ಮುಂದೆ. ಹಣೆಯಿಂದ ಹೊಕ್ಕುಳಿನವರೆಗೆ ಎಳೆದ ನಡುಗೆರೆಯೇ ಅವನ ರಾಜಬೀದಿ. ಆ ಗೆರೆಯ ಮೇಲೆ ಗುದ್ದಿನ ಹಿಂದೆ ಗುದ್ದು ಸರಪಳಿಯಂತೆ ಬರುತ್ತದೆ. ಒಂದೊಂದು ಗುದ್ದಿನಲ್ಲೂ ನೀವು ಹಿಂದಿನ ಕೈಯಿಂದ ನೇರ ಹೊಡೆಯುವ ಕ್ರಾಸ್‌ನಷ್ಟು ತೂಕ ಇರುವುದಿಲ್ಲ. ಆದರೆ ಮೂರನೆಯದಕ್ಕೆ ನೀವು ಕಣ್ಣು ಮುಚ್ಚುತ್ತೀರಿ, ಐದನೆಯದಕ್ಕೆ ಹಿಂದೆ ಹಿಂದೆ ಓಡುತ್ತಿರುತ್ತೀರಿ.

ನಿಜವಾದ ಬಂಡವಾಳ ಇರುವುದು ಅವನ ಮುಂಗೈ ಚರ್ಮದಲ್ಲಿ. ಚಿ ಸಾವ್ ಎಂಬ ಅಭ್ಯಾಸದಲ್ಲಿ ಇಬ್ಬರು ಮುಂಗೈಗೆ ಮುಂಗೈ ಅಂಟಿಸಿ ಗಂಟೆಗಟ್ಟಲೆ ಉರುಳಿಸುತ್ತಾರೆ. ಎದುರಿನವನು ಎಲ್ಲಿ ಒತ್ತುತ್ತಾನೆ, ಎಲ್ಲಿ ಸಡಿಲ ಬಿಡುತ್ತಾನೆ ಎಂಬುದು ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಾಗುತ್ತದೆ. ಸ್ಪರ್ಶಕ್ಕೆ ದೇಹ ಪ್ರತಿಕ್ರಿಯಿಸುವ ವೇಗ ನೋಟಕ್ಕಿಂತ ತುಸು ಹೆಚ್ಚೇ. ಕೈ ತಾಗದಿದ್ದರೆ ಮಾತ್ರ ಈ ಬಂಡವಾಳವೆಲ್ಲ ತಿಜೋರಿಯಲ್ಲೇ ಉಳಿಯುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಅವನಿಗೆ ಕೈ ಕೊಡಬೇಡಿ. ಕೊಟ್ಟರೆ ಬೇಕೆಂದೇ ಕೊಡಿ, ಕೊಟ್ಟ ಕೂಡಲೇ ಕಸಿದುಕೊಳ್ಳಿ.

ವಿಂಗ್ ಚುನ್ ಶಾಲೆಗಳಲ್ಲಿ ಬಾಯಿಪಾಠ ಮಾಡಿಸುವ ಒಂದು ಸೂತ್ರವಿದೆ. ಬಂದದ್ದನ್ನು ಹಿಡಿದಿಟ್ಟುಕೋ, ಹೋಗುವುದನ್ನು ಹಿಂಬಾಲಿಸು, ಕೈ ತಪ್ಪಿದರೆ ನೇರ ನುಗ್ಗು. ಎದುರಾಳಿ ತಾನೇನು ಮಾಡುತ್ತೇನೆಂದು ಇಷ್ಟು ಸ್ಪಷ್ಟವಾಗಿ ಮೊದಲೇ ಹೇಳಿಬಿಡುವುದು ಅಪರೂಪ!

ಮೊದಲನೆಯ ಮಾತು ತಗೊಳ್ಳಿ. ಕಿಕ್‌ಬಾಕ್ಸಿಂಗ್‌ನವರಿಗೆ ಮುಂದಿನ ಕೈ ಚಾಚಿ ಅಂತರ ಅಳೆಯುವ ಅಭ್ಯಾಸ ಇರುತ್ತದೆ. ಬೇರೆಯವರೆದುರು ಅದು ಒಳ್ಳೆಯದು, ಇವನೆದುರು ಔತಣದ ಕರೆಯೋಲೆ. ಚಾಚಿದ ಕೈಯನ್ನು ಒಂದು ಕೈಯಿಂದ ತಟ್ಟಿ, ಅದೇ ಕ್ಷಣ ಇನ್ನೊಂದರಿಂದ ಗುದ್ದುತ್ತಾನೆ. ಇದು ಪಾಕ್ ಸಾವ್. ಇಲ್ಲವೇ ಮಣಿಕಟ್ಟು ಹಿಡಿದು ಎಳೆಯುತ್ತಾನೆ, ಅದು ಲಾಪ್ ಸಾವ್. ಆದ್ದರಿಂದ ಗಾರ್ಡ್, ಅಂದರೆ ಕಾಯಲು ಎತ್ತಿದ ಕೈಗಳು, ಮುಖಕ್ಕೆ ಹತ್ತಿರ ಇರಲಿ. ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಹೋದಷ್ಟೇ ವೇಗವಾಗಿ ವಾಪಸ್ ಬರಲಿ.

ಆದರೆ ಕೈ ಮಾತ್ರ ವಾಪಸ್ ಬಂದರೆ ಸಾಲದು. ಹೋಗುವುದನ್ನು ಹಿಂಬಾಲಿಸು ಅಂತ ಇದೆಯಲ್ಲ, ನಿಮ್ಮ ಮುಷ್ಟಿ ಗದ್ದಕ್ಕೆ ಮರಳುವಾಗ ಅದರ ಬೆನ್ನಿಗೇ ಅವನೂ ಬರುತ್ತಾನೆ. ಕೈ ಹಿಂದಕ್ಕೆ ಬರುವಾಗ ಕಾಲು ಓರೆಗೆ ಹೋಗಿರಬೇಕು, ಅವನ ಮುಂಗಾಲಿನ ಹೊರಬದಿಗೆ. ಅಲ್ಲಿ ನಿಂತರೆ ಅವನ ಹಿಂದಿನ ಕೈ ನಿಮ್ಮನ್ನು ಮುಟ್ಟಬೇಕಾದರೆ ಮೊದಲು ಅವನು ತಿರುಗಬೇಕು.

ಮೂರನೆಯ ಮಾತು ನನಗೆ ಬಹಳ ಇಷ್ಟ. ಕೈಗೆ ಕೈ ತಾಗಿ ತಟ್ಟನೆ ತಪ್ಪಿದರೆ ನೇರ ನುಗ್ಗಬೇಕು ಎಂದು ಅವನ ಮೈ ವರ್ಷಗಟ್ಟಲೆ ಕಲಿತಿದೆ. ಆಗ ಅವನು ಯೋಚಿಸುವುದಿಲ್ಲ, ಮೈ ತಾನಾಗಿ ನುಗ್ಗುತ್ತದೆ. ಹೀಗಾಗಿ ಅರ್ಧ ಜ್ಯಾಬ್ ಹಾಕಿ, ತಾಗಲು ಬಿಡಿ, ಕಸಿದುಕೊಂಡು ಅರ್ಧ ಹೆಜ್ಜೆ ಓರೆಗೆ ಸರಿಯಿರಿ. ಅವನು ಬರುವ ದಾರಿ ನಿಮಗೆ ಗೊತ್ತು. ನೆಟ್ಟಗಿನ ಬೆನ್ನಿನ ಮೇಲಿರುವ ತಲೆ ಎಲ್ಲಿರುತ್ತದೆಂಬುದೂ ಗೊತ್ತು, ಏಕೆಂದರೆ ಬಾಕ್ಸರನಂತೆ ತಲೆ ತಪ್ಪಿಸುವುದು ಅವನ ಪಾಠದಲ್ಲಿ ಹೆಚ್ಚಿಲ್ಲ. ಆಗ ಕ್ರಾಸ್ ಕೊಡಿ. ನೇರ ಹಿಂದಕ್ಕೆ ಮಾತ್ರ ಹೋಗಬೇಡಿ. ಮುಂದೆ ಓಡುವವನು ಹಿಂದೆ ಓಡುವವನನ್ನು ಹಿಡಿದೇ ಹಿಡಿಯುತ್ತಾನೆ.

ಹುಕ್ ಬಗ್ಗೆ ಎಚ್ಚರ. ನಡುಗೆರೆ ಕಾಯುವವನಿಗೆ ಪಕ್ಕದಿಂದ ಹೊಡೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ಮೊದಲ ಏಟೇ ಹುಕ್ ಆದರೆ, ನಿಮ್ಮ ಕೈ ಸುತ್ತಿ ಬರುವಷ್ಟರಲ್ಲಿ ಅವನ ನೇರ ಗುದ್ದು ನಿಮ್ಮ ಮೂಗಿಗೆ ಬಿದ್ದಿರುತ್ತದೆ. ಎರಡು ನೇರ ಏಟು ಹಾಕಿ, ಅವನ ಎರಡೂ ಕೈಗಳಿಗೆ ನಡುವಿನಲ್ಲೇ ಕೆಲಸ ಕೊಟ್ಟು, ಆಮೇಲೆ ದವಡೆಗೆ ಹುಕ್ ಹಾಕಿ. ಪಕ್ಕೆಲುಬಿಗೆ ಹಾಕಲು ಆಸೆಪಡಬೇಡಿ. ಆ ಮೊಣಕೈಗಳು ಅಲ್ಲೇ ಕೂತಿರುತ್ತವೆ, ಗ್ಲೌಸ್ ಇಲ್ಲದಿದ್ದರೆ ಮುರಿಯುವುದು ನಿಮ್ಮ ಬೆರಳಿನ ಗೆಣ್ಣು.

ಈ ವಿದ್ಯೆಯ ಮಿತಿಯನ್ನು ಕಂಡುಕೊಂಡವರಲ್ಲಿ ಬ್ರೂಸ್ ಲೀ ಪ್ರಮುಖ. ಅವನೂ ಇಪ್ ಮ್ಯಾನ್ ಶಿಷ್ಯನೇ. 1964ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡ್‌ನಲ್ಲಿ ವಾಂಗ್ ಜ್ಯಾಕ್ ಮ್ಯಾನ್ ಎಂಬ ಕುಂಗ್ ಫು ಪಟುವಿನ ಜೊತೆ ಬಾಗಿಲು ಮುಚ್ಚಿ ಕಾದಾಡಿದ. ಯಾರು ಗೆದ್ದರು, ಎಷ್ಟು ಹೊತ್ತು ನಡೆಯಿತು ಎಂಬುದರ ಬಗ್ಗೆ ಎರಡು ಕಡೆಯವರದೂ ಎರಡು ಮಾತು. ಹೆಂಡತಿ ಲಿಂಡಾ ಹೇಳುವಂತೆ ಗೆದ್ದದ್ದು ಬ್ರೂಸ್, ಆದರೆ ಓಡಾಡುವ ಎದುರಾಳಿಯನ್ನು ಬೆನ್ನಟ್ಟಿ ಸುಸ್ತಾಗಿ, ಗೆದ್ದ ಮೇಲೂ ಅಸಮಾಧಾನದಲ್ಲೇ ಕುಳಿತಿದ್ದ. ನನಗೆ ಬೇಕಾದದ್ದು ಆ ಅಸಮಾಧಾನ. ನಿಂತು ಕೈ ಕೊಡದವನ ಮುಂದೆ ಅಂಟುವ ಕೈಗಳಿಗೆ ಕೆಲಸವಿಲ್ಲ ಎಂಬುದು ಅವನಿಗೆ ಅರಿವಾಯಿತು. ಆಮೇಲೆ ಅವನು ಕತ್ತಿಯಾಟವಾದ ಫೆನ್ಸಿಂಗ್‌ನಿಂದ ಪಾದಚಲನೆ ತೆಗೆದುಕೊಂಡ, ಬಾಕ್ಸಿಂಗ್ ಓದಿದ, ಬಲಿಷ್ಠ ಕೈಯನ್ನು ಮುಂದಿಟ್ಟ. ಎದುರಾಳಿ ಹೊರಟಾಗಲೇ ತಡೆದು ಹೊಡೆಯುವುದನ್ನು ನಡುವಿಗೆ ತಂದ. 1967ರಲ್ಲಿ ಅದಕ್ಕೆ ಜೀತ್ ಕುನೆ ಡೊ ಎಂದು ಹೆಸರಿಟ್ಟ.

ಇನ್ನು ಕಾಲು. ಕಾಲು ಕೈಗಿಂತ ಉದ್ದ, ಅಷ್ಟೇ ಲೆಕ್ಕ. ಥಾಯ್ಲೆಂಡಿನ ಬಾಕ್ಸಿಂಗ್ ಆದ ಮುವಾಯ್ ಥಾಯ್‌ನವರು ಟೀಪ್ ಅನ್ನುವ ತಳ್ಳೊದೆ, ನುಗ್ಗುವವನ ಹೊಟ್ಟೆಗೆ ಅಥವಾ ಸೊಂಟಕ್ಕೆ ಬಿದ್ದರೆ ಸರಪಳಿ ಗುದ್ದು ಅಲ್ಲೇ ತುಂಡಾಗುತ್ತದೆ. ತೊಡೆಗೆ, ಮೀನಖಂಡಕ್ಕೆ ಹೊಡೆಯುವ ಕೆಳಗಿನ ಕಿಕ್ ಅಷ್ಟು ಸುಲಭವಲ್ಲ. ವಿಂಗ್ ಚುನ್‌ನ ಹಲವು ಶಾಖೆಗಳಲ್ಲಿ ಭಾರ ಹಿಂದಿನ ಕಾಲಿನ ಮೇಲಿರುತ್ತದೆ, ಮುಂದಿನ ಕಾಲು ಹಗುರ. ಅದನ್ನು ಎತ್ತಿ ಏಟು ತಪ್ಪಿಸಿ ಅಲ್ಲಿಂದಲೇ ನಿಮ್ಮ ಮೊಣಕಾಲಿಗೆ ಒದೆಯುತ್ತಾನೆ. ಅವನು ಹೆಜ್ಜೆಯಿಟ್ಟು ಭಾರ ಮುಂದಕ್ಕೆ ಬಿದ್ದ ಕ್ಷಣದಲ್ಲಿ ಹೊಡೆಯಿರಿ. ಮೊಣಕಾಲಿಗೇ ನೇರವಾಗಿ ಒದೆಯುವುದನ್ನು ಅಭ್ಯಾಸದ ಕಾದಾಟವಾದ ಸ್ಪಾರಿಂಗ್‌ನಲ್ಲಿ ಯಾರೂ ಮಾಡಬೇಡಿ. ಹರಿದ ಲಿಗಮೆಂಟ್ ರಿಪೇರಿಗೆ ತಿಂಗಳುಗಟ್ಟಲೆ ಬೇಕು.

ಇಷ್ಟೆಲ್ಲ ಮಾಡಿದರೂ ಒಳ್ಳೆಯವನು ಒಂದಲ್ಲ ಒಂದು ಸಲ ಒಳಗೆ ಬರುತ್ತಾನೆ. ಆಗ ಅವನ ಅಂಗಳದಲ್ಲಿ ನಿಂತು ಗುದ್ದಾಟಕ್ಕಿಳಿಯುವುದೇ ದೊಡ್ಡ ತಪ್ಪು. ಒಂದೋ ಓರೆಯಾಗಿ ಹೊರಗೆ ಹೋಗಿ, ಇಲ್ಲವೇ ಇನ್ನೂ ಹತ್ತಿರ ಹೋಗಿ. ಕುತ್ತಿಗೆಗೆ ಕೈ ಹಾಕಿ, ಎದೆಗೆ ಎದೆ ಕೊಟ್ಟು, ಅವನ ತೋಳನ್ನು ಕಂಕುಳಲ್ಲಿ ಸಿಕ್ಕಿಸಿ. ಗುದ್ದಿಗೆ ಜಾಗವೇ ಇಲ್ಲದಷ್ಟು ಹತ್ತಿರ. ಇದೇ ಕ್ಲಿಂಚ್. ಇದನ್ನು ಕಲಿಯಲು ಥಾಯ್ಲೆಂಡ್‌ಗೆ ಹೋಗಬೇಕಿಲ್ಲ. ಮೈಸೂರಿನ ಯಾವುದಾದರೂ ಗರಡಿಗೆ ಹೋಗಿ ಒಬ್ಬ ಪೈಲ್ವಾನರ ಕೈಗೆ ನಿಮ್ಮ ಕುತ್ತಿಗೆ ಕೊಟ್ಟು ನೋಡಿ, ಐದೇ ನಿಮಿಷದಲ್ಲಿ ತಿಳಿಯುತ್ತದೆ.

ಅಭ್ಯಾಸಕ್ಕೆ ಒಂದು ಕ್ರಮ ಹೇಳಿ ಮುಗಿಸುತ್ತೇನೆ. ಜೊತೆಗಾರನಿಗೆ ಒಂದೇ ಕೆಲಸ ಕೊಡಿ: ನಿಮ್ಮ ಕೈ ಮುಟ್ಟುವುದು, ಮುಟ್ಟಿದ ಕೂಡಲೇ ನುಗ್ಗುವುದು. ನಿಮಗೆ ಒಂದು ಸುತ್ತು ಬರೀ ಜ್ಯಾಬ್ ಮತ್ತು ಓರೆ ಹೆಜ್ಜೆ, ಬೇರೇನೂ ಇಲ್ಲ. ಎರಡನೆಯ ಸುತ್ತಿಗೆ ಟೀಪ್ ಸೇರಿಸಿ, ಮೂರನೆಯದಕ್ಕೆ ಕ್ಲಿಂಚ್. ನುಗ್ಗುವವನು ನಿಜವಾಗಿಯೂ ಚಿ ಸಾವ್ ಕಲಿತವನಾದರೆ ಇನ್ನೂ ಒಳ್ಳೆಯದು. ವಿಂಗ್ ಚುನ್ ಗೊತ್ತಿಲ್ಲದವನು ಅದನ್ನು ಅಣಕಿಸಿದರೆ ನೀವು ಕಲಿಯುವುದೂ ಅಣಕವನ್ನೇ ಸೋಲಿಸುವುದನ್ನು. ಗ್ಲೌಸ್ ತಂದವರು ಮ್ಯಾಟ್ ಮೇಲೆ ಬನ್ನಿ, ಪ್ರಶ್ನೆಗಳನ್ನು ಅಲ್ಲೇ ನೋಡೋಣ.