ಮೊದಲು ಬಿಲ, ಆಮೇಲೆ ಟ್ಯಾಂಕ್

ಎಲ್ಲರಿಗೂ ನಮಸ್ಕಾರ.

ಮ್ಯಾಂಟಿಸ್ ಶ್ರಿಂಪ್ ಅಂದರೆ ಸೀಗಡಿಯನ್ನು ಹೋಲುವ, ಮುಂಗೈಯಿಂದ ರಪ್ಪನೆ ಏಟು ಹಾಕಿ ಬೇಟೆಯಾಡುವ ಸಮುದ್ರದ ಪ್ರಾಣಿ. ಅದನ್ನು ಸಾಕಬೇಕು ಅನ್ನುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಅದು ಗಾಜು ಒಡೆಯುತ್ತಾ? ಕೇಳಬೇಕಾದ ಪ್ರಶ್ನೆಯೇ. ಜೀವವಿಜ್ಞಾನಿ ಶೀಲಾ ಪಾಟೆಕ್ ಮತ್ತು ಅವರ ಜೊತೆಗಾರರು 2004ರಲ್ಲಿ ನವಿಲುಬಣ್ಣದ ಮ್ಯಾಂಟಿಸ್ ಶ್ರಿಂಪಿನ ಏಟನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು ಅಳೆದರು. ವೇಗ ಸೆಕೆಂಡಿಗೆ 23 ಮೀಟರ್ ತನಕ ಇತ್ತು. ಆ ರಭಸಕ್ಕೆ ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ, ಮರುಕ್ಷಣವೇ ಒಡೆಯುತ್ತವೆ. ಹಾಗಾಗಿ ಒಂದೇ ಏಟಿಗೆ ಎರಡು ಪೆಟ್ಟು. ಇಷ್ಟಾದರೂ ಟ್ಯಾಂಕಿನ ಗಾಜು ಒಡೆಯುವುದು ಅಪರೂಪ. ದೊಡ್ಡ ಜಾತಿಯಾದರೆ ದಪ್ಪ ಅಕ್ರಿಲಿಕ್ ಹಾಕಿ, ಆ ಚಿಂತೆ ಬಿಟ್ಟುಬಿಡಿ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಅದರ ಬಿಲದ ಬಗ್ಗೆ.

ಈ ಪ್ರಾಣಿ ದಿನದ ಬಹುಪಾಲು ಬಿಲದಲ್ಲೇ ಕಳೆಯುತ್ತದೆ. ಅದು ಬೇಟೆಗೆ ಹೊಂಚು ಹಾಕುವುದು, ಊಟ ಮಾಡುವುದು, ಪೊರೆ ಬಿಡುವುದು ಎಲ್ಲಾ ಅಲ್ಲೇ. ಬಿಲ ಸರಿಯಿಲ್ಲದಿದ್ದರೆ ಎಷ್ಟೇ ದುಬಾರಿ ಫಿಲ್ಟರ್ ಇದ್ದರೂ ಅದಕ್ಕೆ ನೆಮ್ಮದಿ ಇಲ್ಲ. ಅದಕ್ಕೇ ನಾನು ಹೇಳುವುದು, ಮೊದಲು ಬಿಲ ಯೋಚಿಸಿ, ಆಮೇಲೆ ಅದರ ಸುತ್ತ ಟ್ಯಾಂಕ್ ಕಟ್ಟಿ.

ಪಿವಿಸಿ ಪೈಪ್ ಸಾಕು. ಒಳಗೆ ಪ್ರಾಣಿ ಮಡಚಿಕೊಂಡು ತಿರುಗುವಷ್ಟು ಅಗಲ ಇರಲಿ, ಅದಕ್ಕಿಂತ ಜಾಸ್ತಿ ಬೇಡ. ಉದ್ದ ಅದರ ಮೈಯ ಮೂರು ನಾಲ್ಕು ಪಟ್ಟು ಇರಬೇಕು. ಎರಡು ಎಲ್ಬೋ (ಪೈಪ್ ತಿರುಗಿಸುವ ಬಾಗಿದ ತುಂಡು) ಹಾಕಿ ಎರಡೂ ಬಾಯಿ ಮೇಲಕ್ಕೆ ಬರುವ ಹಾಗೆ ಜೋಡಿಸಿ, ನಡುಭಾಗವನ್ನು ಮರಳಿನಲ್ಲಿ ಹೂತುಬಿಡಿ. ನಡುವೆ ಕತ್ತಲು ಇರಲೇಬೇಕು. ಬಾಯಿಯ ಹತ್ತಿರ ಹವಳದ ಚೂರು, ಸಣ್ಣ ಕಲ್ಲು, ಖಾಲಿ ಚಿಪ್ಪು ಒಂದಷ್ಟು ಸುರಿಯಿರಿ. ಸುಮ್ನೆ ಕೂತು ನೋಡಿ: ಮೊದಲು ಮೀಸೆ ಹೊರಬರುತ್ತದೆ, ಆಮೇಲೆ ಎರಡು ಕಣ್ಣು, ಒಂದು ಆ ಕಡೆ, ಇನ್ನೊಂದು ಈ ಕಡೆ ತಿರುಗುತ್ತಾ. ಪಕ್ಕದ ಕಲ್ಲನ್ನು ಅಪ್ಪಿ ಹಿಡಿದು ಒಳಗೆಳೆಯುತ್ತದೆ. ಬಾಗಿಲಿಗೆ ಸರಿಹೊಂದಲಿಲ್ಲವೋ, ಹೊರಗೆ ತಳ್ಳಿ ಬೇರೆಯದನ್ನು ತರುತ್ತದೆ. ಇದನ್ನು ನೋಡುವುದಕ್ಕಾದರೂ ಈ ಪ್ರಾಣಿ ಸಾಕಬೇಕು ಅನ್ನಿಸುತ್ತದೆ ನನಗೆ.

ಲೈವ್ ರಾಕ್, ಅಂದರೆ ಸಣ್ಣ ಜೀವಿಗಳು ನೆಲೆಸಿರುವ ಸಮುದ್ರದ ಕಲ್ಲು, ಇಡುವವರು ಕಲ್ಲನ್ನು ಮರಳಿನ ಮೇಲೆ ಇಡಬೇಡಿ. ತಳದ ಮೇಲೆ ಭದ್ರವಾಗಿ ಕೂರಿಸಿ, ಆಮೇಲೆ ಮರಳು ಹಾಕಿ. ಇದು ತೋಡುವ ಪ್ರಾಣಿ, ಕಲ್ಲು ಕುಸಿದು ಅದರ ಮೇಲೇ ಬೀಳಬಹುದು.

ಮೊದಲ ಸಲ ಸಾಕುವವರು ಬೆರಳುದ್ದದ ಸಣ್ಣ ಜಾತಿ ತೆಗೆದುಕೊಳ್ಳಿ. 40ರಿಂದ 75 ಲೀಟರ್ ಟ್ಯಾಂಕ್ ಅದಕ್ಕೆ ಸಾಕು. ನವಿಲುಬಣ್ಣದ್ದು 18 ಸೆಂಟಿಮೀಟರ್ ತನಕ ಬೆಳೆಯುತ್ತದೆ, ಜಾಗವೂ ಜಾಸ್ತಿ ಬೇಕು, ಬೆಳಕು ಮಂದವಾಗಿರಬೇಕು. ಗುದ್ದುವ ಬದಲು ಈಟಿಯಂತೆ ಚುಚ್ಚುವ ಜಾತಿಗಳೂ ಇವೆ. ಅವಕ್ಕೆ ತಾವೇ ಬಿಲ ತೋಡಿಕೊಳ್ಳಲು ಆಳವಾದ ಮರಳು ಬೇಕು. ಯಾವುದೇ ಆದರೂ ಒಂಟಿಯಾಗಿಯೇ ಇಡಿ. ಜೊತೆಗೆ ಬಿಟ್ಟ ಮೀನು, ಏಡಿ ಎಲ್ಲಾ ಅದರ ಪಾಲಿಗೆ ಊಟವೇ.

ನೀರಿನ ವಿಷಯ ಬೇರೆ ಸಮುದ್ರದ ಟ್ಯಾಂಕುಗಳ ಹಾಗೆಯೇ. ಆರ್‌ಒ ನೀರಿಗೆ ಮರೈನ್ ಸಾಲ್ಟ್ ಬೆರೆಸಿ, ಸಾಂದ್ರತೆ (ಸಿಹಿನೀರಿಗೆ ಹೋಲಿಸಿದರೆ) 1.025ರ ಸುತ್ತ, ತಾಪಮಾನ 24ರಿಂದ 26 ಡಿಗ್ರಿ. ಆವಿಯಾಗಿ ಹೋದ ನೀರಿಗೆ ಬದಲಾಗಿ ಸಿಹಿನೀರು ಹಾಕಬೇಕು, ಉಪ್ಪುನೀರಲ್ಲ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ಅಲ್ವಾ? ಕೊಳೆಯಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವ ತನಕ ಪ್ರಾಣಿ ತರಬೇಡಿ. ದಯವಿಟ್ಟು. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿಯನ್ನು ಈ ಟ್ಯಾಂಕಿನ ಹತ್ತಿರ ತರಲೇಬೇಡಿ. ತಾಮ್ರ ಇದಕ್ಕೆ ವಿಷ.

ಕೈ ಹಾಕುವ ಮುಂಚೆ ಅದು ಎಲ್ಲಿದೆ ನೋಡಿಕೊಳ್ಳಿ. ಊಟ ಕೊಡುವಾಗ ಉದ್ದದ ಇಕ್ಕಳ ಬಳಸಿ.

ಒಂದು ದಿನ ಅದು ಊಟ ಬಿಟ್ಟು, ಬಿಲದ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಆಗ ಹೊಸಬರಿಗೆ ಗಾಬರಿಯಾಗುತ್ತದೆ, ಪೈಪ್ ಎತ್ತಿ ನೋಡುವ ಆಸೆ ಬರುತ್ತದೆ. ಎತ್ತಬೇಡಿ. ಅದು ಪೊರೆ ಬಿಡುತ್ತಿರಬಹುದು. ಆ ಹೊತ್ತಿನಲ್ಲಿ ಅದರ ಮೈ ಮೆತ್ತಗಿರುತ್ತದೆ, ಗುದ್ದುವ ಕೈಗೂ ಬಲ ಇರುವುದಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಾಗಿಲ ಹೊರಗೆ ಕಾಲು, ಮೀಸೆ, ಕಣ್ಣಿನ ಹೊರಕವಚ ಸಮೇತ ಇಡೀ ಮೈ ಬಿದ್ದಿರುತ್ತದೆ. ಸತ್ತಿತು ಅಂದುಕೊಳ್ಳಬೇಡಿ. ಎತ್ತಿ ನೋಡಿದರೆ ಒಳಗೆ ಖಾಲಿ. ಮುಂದಿನ ಕೆಲವು ದಿನ ಗಟ್ಟಿ ಚಿಪ್ಪಿನ ಬಸವನಹುಳು ಕೊಡಬೇಡಿ. ಸೀಗಡಿಯ ಮೆತ್ತಗಿನ ತುಂಡನ್ನು ಬಾಗಿಲಲ್ಲಿ ಹಿಡಿಯಿರಿ. ತಿನ್ನದಿದ್ದರೆ ತೆಗೆದು, ಎರಡು ದಿನ ಬಿಟ್ಟು ಮತ್ತೆ ಕೊಟ್ಟು ನೋಡಿ.